ಮೂವತ್ತೊಂದು ಸೆಂಟಿಮೀಟರ್

ಸೆಪ್ಟೆಂಬರ್ 7, ಭಾನುವಾರ

ಮದುವೆಗೆ ಬಂದ ಉಡುಗೊರೆಗಳಲ್ಲಿ ಏಳು ಗೋಡೆ ಗಡಿಯಾರ, ನಾಲ್ಕು ಊಟದ ಸೆಟ್ಟು, ಈ ಒಂದು ನೋಟ್‌ಬುಕ್ಕು. ಗಡಿಯಾರಗಳನ್ನು ಹಂಚಿಯಾಯಿತು. ಇದು ಮಾತ್ರ ನನಗೇ ಬೇಕು ಅನಿಸಿತು. ಮೊದಲು ಇಂಗ್ಲಿಷಿನಲ್ಲೇ ಬರೆಯಲು ಕೂತೆ, ಓದಿದ್ದೆಲ್ಲ ಅದರಲ್ಲೇ ತಾನೆ. ಎರಡು ಸಾಲಿಗೆ ರಜಾ ಅರ್ಜಿಯ ಹಾಗೆ ಕಾಣಿಸಿತು! 'ಮೈ ಹಸ್ಬೆಂಡ್' ಅಂತ ಬರೆದರೆ ಏನೂ ಆಗುವುದಿಲ್ಲ. 'ನನ್ನ ಗಂಡ' ಅಂತ ಬರೆದರೆ ಹೊಟ್ಟೆಯೊಳಗೆ ಕಚಗುಳಿ. ನನ್ನ ಗಂಡ. ನನ್ನ ಗಂಡ ಲಿಖಿತ್. ಲಿಖಿತ್ ಹೆಂಡತಿ ಮೌನ, ಅಂದರೆ ನಾನು. ಸಾಕು, ಪುಟ ತುಂಬಿಹೋಗುತ್ತದೆ.

ಮದುವೆಯಾಗಿ ಮೂರು ತಿಂಗಳು ಎರಡು ದಿನ. ಅದರಲ್ಲಿ ಆಷಾಢಕ್ಕೆ ಅಂತ ನನ್ನನ್ನು ಮೈಸೂರಿಗೆ ಕಳಿಸಿದ ಒಂದು ತಿಂಗಳು ಲೆಕ್ಕಕ್ಕಿಲ್ಲ. ಆಮೇಲೆ ಚೆನ್ನೈ, ವೇಲಚೇರಿ, ಎರಡನೇ ಮಹಡಿಯ ಈ ಪುಟ್ಟ ಫ್ಲ್ಯಾಟು. ನನಗೆ ಅಡ್ಯಾರಿನಲ್ಲಿ ಒಂದನೇ ಕ್ಲಾಸಿನ ಟೀಚರ್ ಕೆಲಸವೂ ಸಿಕ್ಕಿತು. ಎಲ್ಲವೂ ಎಷ್ಟು ಚೆನ್ನಾಗಿದೆ ಅಂದರೆ ಭಯವಾಗುತ್ತದೆ.

ಕಾರಿನ ವಿಷಯ ಬರೆಯಲೇಬೇಕು. ನಾವು ಹೊರಡುವ ದಿನ ಅಪ್ಪ ತಮ್ಮ ಕಾರನ್ನು ನಮಗೆ ಕೊಟ್ಟುಬಿಟ್ಟರು. ಹದಿಮೂರು ವರ್ಷದ ಬೂದು ಬಣ್ಣದ ಟರ್ಬೊ ಪೆಟ್ರೋಲ್ ಕಾರು. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಮನುಷ್ಯ, ಈ ಕಾರಿನ ಆಯಿಲನ್ನು ಇನ್ನೊಬ್ಬರ ಕೈಲಿ ಬದಲಿಸಲು ಬಿಟ್ಟವರಲ್ಲ. ಈಗ ಎಡಮೊಣಕಾಲು ಕ್ಲಚ್ ಒತ್ತಲು ಕೇಳುವುದಿಲ್ಲ. ಅವತ್ತು ಬೆಳಿಗ್ಗೆ ತಾವೇ ತೊಳೆದು ಒರೆಸಿ, ಕೀ ತಂದು ಲಿಖಿತ್ ಕೈಗಿಟ್ಟು, ನನ್ನ ಮುಖ ನೋಡಿ, "ಅಳಿಯಂದ್ರಿಗೆ ಹೇಳು ಪುಟ್ಟಿ, ಸ್ಟಾರ್ಟ್ ಮಾಡಿದ ತಕ್ಷಣ ರೇಸ್ ಮಾಡೋದು ಬೇಡ ಅಂತ" ಅಂದರು. ಅಳಿಯಂದಿರು ಒಂದು ಮೊಳ ದೂರದಲ್ಲಿ ನಿಂತಿದ್ದರು! ಲಿಖಿತ್ ಕೂಡ ನನ್ನನ್ನೇ ನೋಡಿ, "ಮಾವನವರಿಗೆ ಹೇಳು, ಜೋಪಾನವಾಗಿ ನೋಡ್ಕೋತೀನಿ ಅಂತ" ಅಂದರು. ನಾನು ನಡುವೆ ಟೆಲಿಫೋನ್ ಕಂಬ. ನಮ್ಮ ಕಡೆ ಮಾವ ಅಳಿಯ ಹೀಗೇ. ಮರ್ಯಾದೆ ಜಾಸ್ತಿಯಾದರೆ ಮಾತು ಮಗಳ ಮೂಲಕ ಸುತ್ತಿಕೊಂಡು ಬರುತ್ತದೆ.

ಇವತ್ತು ಲಿಖಿತ್ ಒಂದು ಪಟ್ಟಿ ತೋರಿಸಿದರು. ಹೊಸ ಸ್ಪಾರ್ಕ್ ಪ್ಲಗ್ಗು, ಗಾಳಿ ಹೆಚ್ಚು ಎಳೆಯುವ ಫಿಲ್ಟರು ಮತ್ತು ಪೈಪು, ಟರ್ಬೊಗೆ ಒಂದು ವಾಲ್ವು, ಕೊನೆಗೆ ಲ್ಯಾಪ್‌ಟಾಪ್ ಇಟ್ಟು ಇಂಜಿನ್ನಿನ ಬುದ್ಧಿಯನ್ನೇ ತಿದ್ದುವ ಮ್ಯಾಪಿಂಗ್. ಎಲ್ಲ ನಲವತ್ತು ಸಾವಿರದೊಳಗೆ. ಹಗಲೆಲ್ಲ ಲಿಫ್ಟ್ ಕಂಪನಿಯಲ್ಲಿ 'ಮೆಲ್ಲಗೆ, ಅಲುಗದ ಹಾಗೆ' ಅಂತ ಒದ್ದಾಡುವ ಮನುಷ್ಯನಿಗೆ ಇಂಥ ಆಸೆ! "ಮೌನ, ಟರ್ಬೊ ಕಾರು ಅಂದ್ರೆ ಉಸಿರು ಕಟ್ಟಿಕೊಂಡಿರೋ ಹಾಡುಗಾರ ಇದ್ದ ಹಾಗೆ. ಸ್ವಲ್ಪ ಗಾಳಿ ಕೊಟ್ರೆ ಸಾಕು." ಕಣ್ಣು ಹೊಳೆಯುತ್ತಿತ್ತು. ಆಮೇಲೆ, "ಮಾವನವರನ್ನ ಒಂದು ಮಾತು ಕೇಳು. ಬೇಡ ಅಂದ್ರೆ ಇಲ್ಲಿಗೇ ಬಿಟ್ಟೆ" ಅಂದರು.

ಫೋನ್ ಹಿಡಿದು ಬಾಲ್ಕನಿಗೆ ಹೋದೆ. ಅಪ್ಪ ಊಟ ಆಯ್ತಾ ಅಂದರು, ನೀರು ಕಾಯಿಸಿ ಕುಡೀರಿ ಅಂದರು, ಕಾರನ್ನು ನೆರಳಲ್ಲಿ ನಿಲ್ಲಿಸ್ತಿದ್ದಾರಾ ಅಂದರು. ಹೂಂ ಹೂಂ ಅಂದೆ. ಕೇಳಲಿಲ್ಲ.

ಒಳಗೆ ಬಂದರೆ ಲಿಖಿತ್ ಪಟ್ಟಿ ಹಿಡಿದು ನಿಂತೇ ಇದ್ದಾರೆ, ರಿಸಲ್ಟ್ ಕಾಯುವ ಹುಡುಗನ ಹಾಗೆ.

"ಹೂಂ ಅಂದ್ರು! ಖುಷಿಯಿಂದಲೇ ಅಂದ್ರು!" ಅಂದುಬಿಟ್ಟೆ.

ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದರು. ನಾಳೆ ಅಪ್ಪನನ್ನು ಕೇಳಿಬಿಡುತ್ತೇನೆ. ಒಂದು ದಿನ ಹಿಂದೆ ಮುಂದೆ, ಅಷ್ಟೇ.

ಸೆಪ್ಟೆಂಬರ್ 8

ಕೇಳಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಇವತ್ತಿನ ದಿನವನ್ನು ಒಂದು ಚೂರೂ ಬಿಡದೆ ಬರೆದಿಡಬೇಕು! ಕೆಳಗಿನ ಪಾರ್ಕಿಂಗಿನಲ್ಲಿ ಲಿಖಿತ್ ಫಿಲ್ಟರ್ ಹಾಕಿದರು, ನಾನು ಅಸಿಸ್ಟೆಂಟು. ಟಾರ್ಚ್ ಹಿಡಿಯುವುದು, ಕೇಳಿದ್ದನ್ನು ಕೈಗೆ ಕೊಡುವುದು. ಆಪರೇಷನ್ ಥಿಯೇಟರಿನ ನರ್ಸ್!

ಮೊದಲು ಹತ್ತರ ಸ್ಪ್ಯಾನರಿನಲ್ಲಿ ಬ್ಯಾಟರಿಯ ಕಪ್ಪು ವೈರು ಬಿಚ್ಚಿದರು. ಆಮೇಲೆ ಫಿಲ್ಟರಿನ ಕಪ್ಪು ಪೆಟ್ಟಿಗೆಯ ಮೇಲಿರುವ ಪ್ಲಗ್ಗು, ಅದನ್ನು ಎಳೆಯಬಾರದು, ಪಕ್ಕದ ನಾಲಿಗೆ ಒತ್ತಿದರೆ ತಾನೇ ಬರುತ್ತದೆ. ಅದರ ಕೆಳಗೆ ಗಾಳಿ ಅಳೆಯುವ ಸೆನ್ಸರು, ನಕ್ಷತ್ರದ ತಲೆಯ ಎರಡು ಸ್ಕ್ರೂ. ಅದರೊಳಗೆ ಕೂದಲಿಗಿಂತ ಸಣ್ಣ ತಂತಿ ಇದೆಯಂತೆ, ಬೆರಳು ತಾಗಿದರೆ ಕೆಟ್ಟಿತು. ಹಸುಗೂಸನ್ನು ಎತ್ತುವ ಹಾಗೆ ಎತ್ತಿ ನನ್ನ ಅಂಗೈಯಲ್ಲಿಟ್ಟರು. ಆಮೇಲೆ ದಪ್ಪ ರಬ್ಬರ್ ಪೈಪಿನ ಕ್ಲಾಂಪು. ಆಮೇಲೆ ಪೆಟ್ಟಿಗೆಯ ಮೇಲಿನ ಎರಡು ಬೋಲ್ಟು. ಆಮೇಲೆ ಕೈಯನ್ನು ಕೆಳಗೆಲ್ಲೋ ತೂರಿಸಿ ಏನನ್ನೋ ಬಿಚ್ಚಿದರು. ಆಗ ಅವರ ಮೊಣಕೈಯಿಂದ ಮಣಿಕಟ್ಟಿನವರೆಗೆ ನರ ಉಬ್ಬಿ, ಅದರ ಮೇಲೆ ಗ್ರೀಸಿನ ಒಂದು ಗೆರೆ, ಹಣೆಯಿಂದ ಬೆವರಿನ ಹನಿ ಜಾರಿ ಮೂಗಿನ ತುದಿಯಲ್ಲಿ ನಿಂತುಕೊಂಡು... ನಾನು ದುಪ್ಪಟ್ಟಾದಲ್ಲಿ ಒರೆಸಿದೆ. "ಟಾರ್ಚ್ ಎಲ್ಲಿಗೆ ಬಿಡ್ತಿದ್ದೀಯ?" ಅಂತ ನಕ್ಕರು. ನಾನು ಟಾರ್ಚನ್ನು ಅವರ ಮುಖಕ್ಕೆ ಬಿಟ್ಟಿದ್ದೆ!

ಪೆಟ್ಟಿಗೆ ಹೊರಬಂತು. ಹೊಸ ಪೈಪು ಹೆಡ್‌ಲೈಟಿನ ಹಿಂದಿನಿಂದ ಕೆಳಗಿಳಿದು ಮುಂದಿನ ಬಂಪರಿನೊಳಗೆ ಹೋಗುತ್ತದೆ, ತುದಿಯಲ್ಲಿ ಕೆಂಪು ಶಂಕುವಿನಂಥ ಫಿಲ್ಟರು. ಯಾಕೆ ಅಷ್ಟು ಕೆಳಗೆ ಅಂದೆ. ಅಲ್ಲಿ ತಣ್ಣನೆ ಗಾಳಿ ಸಿಗುತ್ತದಂತೆ, ಟರ್ಬೊಗೆ ತಣ್ಣನೆ ಗಾಳಿ ಇಷ್ಟವಂತೆ.

ಅಪ್ಪನ ಪೆಟ್ಟಿಗೆಯನ್ನು, ಅದರ ಬೋಲ್ಟುಗಳನ್ನು ಒಂದು ಕವರಿನಲ್ಲಿ ಹಾಕಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಮಂಚದ ಕೆಳಗಿಟ್ಟೆ. ಆ ಪೆಟ್ಟಿಗೆಯ ಮೇಲೆ ಮಲಗಿಕೊಂಡು ಅಪ್ಪನ ಫೋನ್ ಎತ್ತುವುದು ಹೇಗೆ?

ಸೆಪ್ಟೆಂಬರ್ 28, ಭಾನುವಾರ

ಇಸಿಆರ್ ರಸ್ತೆಯಲ್ಲಿ ಮಹಾಬಲಿಪುರದ ಕಡೆ ಹೋಗಿದ್ದೆವು. ಲಿಖಿತ್ ಕಾಲು ಒತ್ತಿದ ತಕ್ಷಣ ಬೆನ್ನು ಸೀಟಿಗೆ ಅಂಟಿಕೊಂಡಿತು. ಕೂಗಿಕೊಂಡೆ, ನಕ್ಕೆ, ಸಮುದ್ರ ಎಡಗಡೆ ಓಡುತ್ತಿತ್ತು. ಕಾಲು ತೆಗೆದರೆ ಹೊಸ ವಾಲ್ವಿನಿಂದ 'ಪ್‌ಶ್‌ಶ್' ಅಂತ ಸದ್ದು.

ಆಗಲೇ ಅಪ್ಪನ ಫೋನು.

"ಅದೇನು ಪುಟ್ಟಿ ಸದ್ದು?"

"ಬಸ್ಸು ಅಪ್ಪ. ಪಕ್ಕದಲ್ಲಿ ಬಸ್ಸಿನ ಬ್ರೇಕು."

"ಹೌದಾ. ಅಳಿಯಂದ್ರು ಚೆನ್ನಾಗಿದ್ದಾರಾ?"

"ಮಾವನವರು ಏನಂದ್ರು?" ಫೋನ್ ಇಟ್ಟಮೇಲೆ ಲಿಖಿತ್ ಕೇಳಿದರು.

"ಕಾರು ಚೆನ್ನಾಗಿ ಓಡ್ತಿದೆಯಂತಲ್ಲ, ಖುಷಿಯಾಯ್ತು ಅಂದ್ರು."

ನಾನು ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತೇನೆ ಅಂತ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದಮೇಲೆ ಊಟ ಸೇರಲಿಲ್ಲ.

ಅಕ್ಟೋಬರ್ 1, ಆಯುಧಪೂಜೆ

ಎದುರು ಮನೆಯ ವಾಸಂತಿ ಆಂಟಿ ನಾಲ್ಕು ನಿಂಬೆಹಣ್ಣು ತಂದುಕೊಟ್ಟರು. ಅವರ ತಾತನ ಕಾಲಕ್ಕೇ ಕೊಳ್ಳೇಗಾಲದಿಂದ ಬಂದವರು; ಅವರ ಕನ್ನಡದಲ್ಲಿ ಕಾಲು ಭಾಗ ತಮಿಳು. "ಚಕ್ರದ ಅಡಿಯಿಲೇ ಇಡಮ್ಮಾ, ಮುಂದಿಂದು ಮೊದಲು" ಅಂದರು.

ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ನೆಲಕ್ಕೆ ಬಗ್ಗಿದೆ. ಬಂಪರಿನ ಜಾಲರಿಯ ಸಂದಿಯಲ್ಲಿ ಕೆಂಪು ಫಿಲ್ಟರು ನನ್ನ ಕಣ್ಣಿನ ನೇರಕ್ಕೇ ಇತ್ತು. ಅಷ್ಟು ಕೆಳಗೆ! ನನ್ನ ಮೊಣಕಾಲಿಗಿಂತ ಕೆಳಗೆ!

ಆಂಟಿ ಗೇಟಿನ ಕಂಬ ತೋರಿಸಿದರು. ಅದರ ಮೇಲೆ ನೆರೆ ನೀರು ನಿಂತ ಮಟ್ಟಕ್ಕೆ ಪೇಂಟಿನಲ್ಲಿ ಎರಡು ಗೆರೆ. ಒಂದು 2015ರದು, ನನ್ನ ಎದೆಯ ಮಟ್ಟ. ಇನ್ನೊಂದು 2023ರದು, ಸೊಂಟದ ಮಟ್ಟ. "ವೇಲಚೇರಿಯಲ್ಲಿ ಮನೆ ತಗೊಂಡ್ರೆ ಕಾರಿಗೆ ಪಾಲಂ ಮೇಲೇ ಮನೆ" ಅಂತ ನಕ್ಕರು. ಮಳೆಯ ಎಚ್ಚರಿಕೆ ಬಂದ ತಕ್ಷಣ ಇಲ್ಲಿನವರೆಲ್ಲ ಕಾರುಗಳನ್ನು ಫ್ಲೈಓವರ್ ಮೇಲೆ ಸಾಲಾಗಿ ನಿಲ್ಲಿಸಿ ಬರುತ್ತಾರಂತೆ.

ಬ್ಯಾಗಿನಿಂದ ಕ್ಲಾಸಿನ ಸ್ಕೇಲು ತಂದು ಅಳೆದೆ. ನೆಲದಿಂದ ಫಿಲ್ಟರಿನವರೆಗೆ ಒಂದು ಸ್ಕೇಲು, ಮೇಲೆ ಒಂದು ಚೂರು. ಮೂವತ್ತೊಂದು ಸೆಂಟಿಮೀಟರ್. ಎರಡು ಸಲ ಅಳೆದೆ.

"ನೀರು ಒಳಗೆ ಹೋದ್ರೆ ಏನಾಗುತ್ತೆ?" ಅಂತ ಲಿಖಿತ್‌ಗೆ ಕೇಳಿದೆ.

"ಇಂಜಿನ್ ಗಾಳಿಯನ್ನ ಒತ್ತುತ್ತೆ, ನೀರನ್ನ ಒತ್ತೋಕಾಗಲ್ಲ. ಒಳಗಿನ ರಾಡ್ ಬಾಗಿ ಇಂಜಿನ್ನೇ ಹೋಗುತ್ತೆ. ಅದಕ್ಕೆ ಮಳೆಗಾಲಕ್ಕೆ ಮೊದಲು ಹಳೇದು ಹಾಕಿಬಿಡ್ತೀನಿ. ಪ್ರಾಮಿಸ್." ಕೆನ್ನೆ ಚಿವುಟಿದರು. "ನೀನ್ಯಾಕೆ ಇಷ್ಟು ಟೆನ್ಷನ್ ಮಾಡ್ಕೋತೀಯ?"

ಹೂಂ ಅಂದೆ.

ಅಕ್ಟೋಬರ್ 9

ಮೊದಲ ದೀಪಾವಳಿಗೆ ಅಳಿಯ ಮಗಳು ಮೈಸೂರಿಗೆ ಬರಬೇಕು, ಕಾರಿನಲ್ಲೇ ಬರಬೇಕು. ಅಪ್ಪನ ಆಜ್ಞೆ. "ಬಂದ ತಕ್ಷಣ ಬಾನೆಟ್ ಎತ್ತಿ ಒಂದ್ಸಲ ನೋಡ್ತೀನಿ. ಆಮೇಲೆ ನಿನ್ನ ಮುಖ." ಅಮ್ಮ ಹಿಂದಿನಿಂದ ಬೈದದ್ದು ಕೇಳಿಸಿತು.

ಹನ್ನೊಂದು ದಿನ. ಮಕ್ಕಳಿಗೆ ಇವತ್ತು ಕೂಡುವ ಲೆಕ್ಕ ಹೇಳಿಕೊಡುವಾಗ ಬೋರ್ಡಿನ ಮೇಲೆ ನಾನೇ ತಪ್ಪು ಬರೆದೆ. "ಮಿಸ್, ತಪ್ಪು" ಅಂತ ಮೂವತ್ತೆರಡು ದನಿ.

ಅಕ್ಟೋಬರ್ 15, ಬುಧವಾರ

ಆರೆಂಜ್ ಅಲರ್ಟು. ಕೊಯಮತ್ತೂರಿನ ಒಂದು ಆಸ್ಪತ್ರೆಯಲ್ಲಿ ಎರಡು ಲಿಫ್ಟು ನಿಂತುಹೋಗಿವೆ, ಲಿಖಿತ್ ಹೊರಟರು. ಫಿಲ್ಟರ್ ಬದಲಿಸಲು ಸಮಯವಾಗಲಿಲ್ಲ. ಹೋದ ಭಾನುವಾರ ಮಾಡುವುದಿತ್ತು. ಹೋದ ಭಾನುವಾರ ನಾವು ಪುರಸೈವಾಕ್ಕಂಗೆ ದೀಪಾವಳಿ ಬಟ್ಟೆಗೆ ಹೋದೆವು. ನಾನೇ ಹಟ ಮಾಡಿದ್ದು.

"ಮಳೆ ಜಾಸ್ತಿ ಆಗೋಕೆ ಮೊದಲು ಫ್ಲೈಓವರ್ ಮೇಲೆ ಇಟ್ಟುಬಾ. ಹತ್ತು ನಿಮಿಷದ ಕೆಲಸ. ಆಗುತ್ತಲ್ಲ?"

"ಹೂಂ!"

ನನಗೆ ಲೈಸೆನ್ಸ್ ಇದೆ. ಮೈಸೂರಿನ ಖಾಲಿ ರಿಂಗ್ ರೋಡಿನಲ್ಲಿ ಅಪ್ಪನ ಪಕ್ಕ ಕೂತು ಓಡಿಸಿದ್ದೇನೆ. ಚೆನ್ನೈನಲ್ಲಿ ಒಂದು ಸಲವೂ ಇಲ್ಲ. ಹೂಂ ಅನ್ನುವ ಈ ನಾಲಿಗೆಯನ್ನು ಏನು ಮಾಡಲಿ?

ಅಕ್ಟೋಬರ್ 16

ಬೆಳಗಿನಿಂದ ಬಿಟ್ಟೂ ಬಿಡದೆ ಮಳೆ. ಸಂಜೆ ಸ್ಕೂಲಿನಿಂದ ಬಂದಾಗ ನಮ್ಮ ಬೀದಿಯ ಕಾರುಗಳು ಒಂದೊಂದಾಗಿ ಹೊರಡುತ್ತಿದ್ದವು. ಕೀ ಹಿಡಿದು ಕೆಳಗಿಳಿದೆ. ಕಾರಿನೊಳಗೆ ಕೂತೆ. ಬಸ್ಸು, ಆಟೊ, ನೀರು ಚಿಮ್ಮಿಸುವ ಲಾರಿ. ಇಪ್ಪತ್ತು ನಿಮಿಷ ಕೂತು ಮೇಲೆ ಬಂದೆ. ನಾಳೆ ರಜಾ ಘೋಷಿಸಿದ್ದಾರೆ, ಬೆಳಿಗ್ಗೆ ಟ್ರಾಫಿಕ್ ಇರುವುದಿಲ್ಲ, ಆಗ ಹೋಗುತ್ತೇನೆ.

ಲಿಖಿತ್‌ಗೆ ಇಟ್ಟುಬಂದೆ ಅಂತ ಹೇಳಲಿಲ್ಲ. ಇಟ್ಟಿಲ್ಲ ಅಂತಲೂ ಹೇಳಲಿಲ್ಲ.

ಅಕ್ಟೋಬರ್ 17, ಶುಕ್ರವಾರ, ಬೆಳಿಗ್ಗೆ ಹನ್ನೊಂದು

ಪಾರ್ಕಿಂಗಿನಲ್ಲಿ ಒಂಬತ್ತು ಸೆಂಟಿಮೀಟರ್ ನೀರು. ವಾಸಂತಿ ಆಂಟಿ ಮೆಟ್ಟಿಲ ಮೇಲೆ ನಿಂತು, "ಎನ್ನಮ್ಮಾ ಇದು, ಗಾಡಿ ಇನ್ನೂ ಇಲ್ಲೇ ಇದೆ? ಎಲ್ಲರೂ ನಿನ್ನೆಯೇ ಹೋಗ್ಬಿಟ್ರಲ್ಲ!" ಅಂದರು. ಛತ್ರಿ ಹಿಡಿದು, ಸ್ಕೇಲು ಹಿಡಿದು ಬೀದಿಯ ಮೂಲೆಯ ತಗ್ಗಿನವರೆಗೆ ನಡೆದೆ. ಜನ ನೋಡಿದರು, ನೋಡಲಿ. ತಗ್ಗಿನಲ್ಲಿ ಇಪ್ಪತ್ತಾರು.

ಮೂವತ್ತೊಂದಕ್ಕೆ ಇಪ್ಪತ್ತಾರು. ಐದು ಉಳಿದಿದೆ ಅಂದುಕೊಂಡೆ. ಆಗ ಒಂದು ವ್ಯಾನು ಹೋಯಿತು, ಅದರ ಮುಂದೆ ನೀರು ಮಡಿಚಿಕೊಂಡು ಎದ್ದು ಬಂದು ನನ್ನ ಮೊಣಕಾಲು ದಾಟಿತು. ಐದು ಎಲ್ಲಿಯ ಐದು.

ಲಿಖಿತ್ ಫೋನ್ ಸ್ವಿಚ್ ಆಫ್. ಲಿಫ್ಟಿನ ಗುಂಡಿಗೆ ಇಳಿಯುವಾಗ ಫೋನನ್ನು ಮೇಲೇ ಕೊಟ್ಟುಹೋಗಬೇಕು, ಅದು ಅವರ ನಿಯಮ. ಸಂಜೆಯಾಗುತ್ತದೆ ಅಂದಿದ್ದರು. ಸಂಜೆಗೆ ನೀರು ಎಷ್ಟಿರುತ್ತದೋ. ಕಾರು ನಿಂತಲ್ಲೇ ಮುಳುಗುತ್ತದೆ, ಓಡಿಸಿದರೆ ಇಂಜಿನ್ ಹೋಗುತ್ತದೆ.

ಮಂಚದ ಕೆಳಗೆ ಹಳೆಯ ಪೆಟ್ಟಿಗೆ ಇದೆ. ಅದು ಗಾಳಿ ಎಳೆಯುವ ಬಾಯಿ ಬಾನೆಟ್ಟಿನ ಅಂಚಿನಲ್ಲಿ, ಎಷ್ಟೋ ಮೇಲೆ. ಬಿಚ್ಚಿದ್ದನ್ನು ನಾನು ನೋಡಿದ್ದೇನೆ. ಬರೆದೂ ಇಟ್ಟಿದ್ದೇನೆ! ಸೆಪ್ಟೆಂಬರ್ 14ರ ಪುಟ. ಡೈರಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಕೆಳಗೆ ಹೋಗುತ್ತಿದ್ದೇನೆ.

ಅದೇ ದಿನ, ಸಂಜೆ ಆರು

ಎಲ್ಲ ಬರೆಯುತ್ತೇನೆ. ಕೂದಲು ಇನ್ನೂ ಒಣಗಿಲ್ಲ.

ಆಂಟಿ ಟಾರ್ಚ್ ಹಿಡಿದರು. ನಾನು ಕವರಿನ ಮೇಲಿನಿಂದಲೇ ಓದಿಕೊಂಡು ಒಂದೊಂದೇ ಮಾಡಿದೆ. ಕಪ್ಪು ವೈರು, ಹತ್ತರ ಸ್ಪ್ಯಾನರು. ಪ್ಲಗ್ಗಿನ ನಾಲಿಗೆ. ನಕ್ಷತ್ರದ ಸ್ಕ್ರೂ. ಸೆನ್ಸರನ್ನು ಹೊಸ ಪೈಪಿನಿಂದ ಬಿಚ್ಚಿ ಆಂಟಿಯ ಅಂಗೈಯಲ್ಲಿಟ್ಟೆ. "ಇದೇನಮ್ಮಾ ಇಷ್ಟು ಚಿಕ್ಕದು" ಅಂತ ಅವರು ಉಸಿರು ಬಿಗಿಹಿಡಿದರು. ಹೊಸ ಪೈಪು ಹೊರಬಂತು. ಹಳೆಯ ಪೆಟ್ಟಿಗೆ ಇಟ್ಟೆ. ಕೂರಲಿಲ್ಲ. ಒಂದು ಬೆರಳಿನಷ್ಟು ಮೇಲೆ ನಿಂತು ಅಲುಗುತ್ತದೆ, ಮೇಲಿನ ಬೋಲ್ಟು ತೂತಿಗೆ ಸಿಗುವುದಿಲ್ಲ. ಪುಟ ನೋಡಿದೆ.

'ಆಮೇಲೆ ಕೈಯನ್ನು ಕೆಳಗೆಲ್ಲೋ ತೂರಿಸಿ ಏನನ್ನೋ ಬಿಚ್ಚಿದರು.'

ಕೆಳಗೆಲ್ಲೋ! ಏನನ್ನೋ! ಆಮೇಲೆ ನಾಲ್ಕು ಸಾಲು ಮೊಣಕೈಯ ನರ, ಮೂಗಿನ ತುದಿಯ ಬೆವರು! ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು. "ಏನು ಬರೆದಿದೆ, ಜೋರಾಗಿ ಓದು" ಅಂದರು ಆಂಟಿ. "ಏನಿಲ್ಲ ಆಂಟಿ" ಅಂದೆ.

ನೀರು ಪಾದ ಮುಚ್ಚಿ ಮೇಲೆ ಬರುತ್ತಿತ್ತು. ಆ ಕೆಳಗಿನ ಜಾಗ ಗೊತ್ತಿರುವವರು ಪ್ರಪಂಚದಲ್ಲಿ ಇಬ್ಬರು. ಒಬ್ಬರು ಗುಂಡಿಯೊಳಗಿದ್ದಾರೆ.

ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪ, ಗಾಳಿ ಫಿಲ್ಟರಿನ ಪೆಟ್ಟಿಗೆ ಇದೆಯಲ್ಲ, ಅದು ಕೂರ್ತಾ ಇಲ್ಲ."

"ಯಾರು ತೆಗೆದ್ರು?"

ಹೇಳಿದೆ. ನಿಂತಲ್ಲೇ, ಒಂದೇ ಉಸಿರಿಗೆ. ಪೈಪು, ವಾಲ್ವು, ಮಂಚದ ಕೆಳಗಿನ ಪೆಟ್ಟಿಗೆ. ಕೇಳು ಅಂತ ಲಿಖಿತ್ ಹೇಳಿದ್ದು, ನಾನು ಕೇಳದೆ ಇದ್ದದ್ದು. ಅಪ್ಪ ಒಪ್ಪಿದ್ದಾರೆ ಅಂತ ನಾನೇ ಹೇಳಿದ್ದು.

ಫೋನಿನಲ್ಲಿ ಅವರ ಕಡೆಯ ಗಡಿಯಾರದ ಸದ್ದು ಕೇಳಿಸುತ್ತಿತ್ತು.

"ಹಾಗಾದ್ರೆ ಅವತ್ತಿಂದು ಬಸ್ಸಿನ ಬ್ರೇಕಲ್ಲ."

"ಅಲ್ಲ ಅಪ್ಪ."

"ನಾನು ಆಡದ ಮಾತನ್ನ ನನ್ನ ಬಾಯಲ್ಲಿ ಇಟ್ಟಿದ್ದೀಯ ಪುಟ್ಟಿ."

ಬೈದಿದ್ದರೆ ಅಳುತ್ತಿದ್ದೆ. ಅವರು ಬೈಯಲಿಲ್ಲ, ಅಳಲು ಜಾಗವೇ ಇರಲಿಲ್ಲ. ತಕ್ಷಣ ದನಿ ಬದಲಾಯಿತು, ವರ್ಕ್‌ಶಾಪಿನ ದನಿ. "ನೀರು ಎಲ್ಲಿವರೆಗಿದೆ? ಸರಿ. ಪೆಟ್ಟಿಗೆ ಎತ್ತು. ಎಡಗೈ ಬ್ಯಾಟರಿ ಪಕ್ಕ ಕೆಳಗೆ ಬಿಡು. ಕಬ್ಬಿಣದ ಪಟ್ಟಿ ಸಿಗುತ್ತೆ. ಅದರ ತುದೀಲಿ ಒಂದು ರಬ್ಬರ್ ಬಟ್ಟಲು. ಸಿಕ್ತಾ?"

"ಇಲ್ಲ... ಸಿಕ್ತು!"

"ಪೆಟ್ಟಿಗೆ ಕೆಳಗೆ ಒಂದು ಮೊಳೆ ಥರ ಕಾಲಿದೆ, ಅದು ಆ ಬಟ್ಟಲಲ್ಲಿ ಕೂರ್ಬೇಕು. ನೋಡೋಕಾಗಲ್ಲ, ಬೆರಳಲ್ಲೇ ಹುಡುಕು. ಕೂತ ಮೇಲೆ ಪಕ್ಕದಿಂದ ಒಂದು ಬೋಲ್ಟು."

ಮೂರನೇ ಸಲಕ್ಕೆ 'ಟಕ್' ಅಂತ ಕೂತಿತು. ಆ ಸದ್ದು ಅಪ್ಪನಿಗೂ ಕೇಳಿಸಿತು, "ಹಾಂ" ಅಂದರು. ಮುಚ್ಚಳದ ಒಂದು ಕ್ಲಿಪ್ಪು ನಾನು ಒತ್ತಿದ ಭರಕ್ಕೆ ಮುರಿದು ಕೈಗೆ ಬಂತು. ಬ್ಯಾಗಿನಲ್ಲಿ ಮಕ್ಕಳ ಉತ್ತರಪತ್ರಿಕೆಗೆ ಹಾಕುವ ಕಪ್ಪು ಬೈಂಡರ್ ಕ್ಲಿಪ್ಪಿತ್ತು. ಅದನ್ನೇ ಕಚ್ಚಿಸಿದೆ.

ಸೆನ್ಸರನ್ನು ವಾಪಸ್ ಕೂರಿಸಿ ಕ್ಲಾಂಪು ಬಿಗಿಮಾಡುವಾಗ ಲಿಖಿತ್ ಫೋನ್ ಬಂತು. ಮಳೆ ಸುದ್ದಿ ಕೇಳಿ ಗುಂಡಿಯಿಂದ ಬೇಗ ಮೇಲೆ ಬಂದಿದ್ದರು. ಕಾನ್ಫರೆನ್ಸ್ ಹಾಕಿ ಎರಡೂ ಫೋನನ್ನು ಒಂದು ಮಾಡಿದೆ.

"ಮೌನ, ಕಾರು ಪಾರ್ಕಿಂಗಲ್ಲೇ ಇದೆಯಾ? ಮುಟ್ಟಬೇಡ, ಬಿಟ್ಟುಬಿಡು, ನಾನು..."

"ಅಳಿಯಂದ್ರಿಗೆ ಹೇಳು, ಪೆಟ್ಟಿಗೆ ಕೂರಿಸಿ ಆಯ್ತು ಅಂತ" ಅಂದರು ಅಪ್ಪ.

ಲಿಖಿತ್ ದನಿ ತಗ್ಗಿಸಿದರು. "ಮಾವನವರು ಲೈನಲ್ಲಿದ್ದಾರಾ?"

"ಅವರಿಗೆ ಇವತ್ತೇ ಗೊತ್ತಾಗಿದ್ದು. ನಾನು ಮೊದಲು ಕೇಳಿರಲೇ ಇಲ್ಲ. ಅದು ಆಮೇಲೆ. ಈಗ ಹೊರಡ್ತೀನಿ."

"ತಗ್ಗಲ್ಲಿ ಹೋಗಬೇಡ, ಬಲಗಡೆ ಬೀದಿಯಿಂದ..."

"ಬಲಗಡೆ ಬೇಡ ಅಂತ ಹೇಳು, ಫಸ್ಟ್ ಗೇರಲ್ಲಿ ತಗ್ಗೇ ವಾಸಿ..."

"ಮಾವನವರಿಗೆ ಹೇಳು, ಅಲ್ಲಿ ಚರಂಡಿ..."

"ಲಿಖಿತ್, ನೀನು ಸುಮ್ನಿರು. ಅಪ್ಪ, ನೀವೂ. ಇಬ್ಬರೂ ಹತ್ತು ನಿಮಿಷ ಬಾಯಿ ಮುಚ್ಚಿ."

ಮುಚ್ಚಿದರು.

ಕಪ್ಪು ವೈರು ಸಿಕ್ಕಿಸಿ ಸ್ಟಾರ್ಟ್ ಮಾಡಿದೆ. ಇಂಜಿನ್ ಹಿಡಿಯಿತು. ರೇಸ್ ಮಾಡಲಿಲ್ಲ. ವಾಸಂತಿ ಆಂಟಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಛತ್ರಿ ಮುಚ್ಚಿ ಅದನ್ನೇ ಕೋಲು ಮಾಡಿಕೊಂಡು ಮುಂದೆ ಮುಂದೆ ನಡೆದರು, ಚರಂಡಿ ಎಲ್ಲಿ ಅಂತ ಚುಚ್ಚಿ ನೋಡಿಕೊಂಡು. ಅರವತ್ತೆರಡು ವರ್ಷ ಅವರಿಗೆ. ಎದುರು ಬಂದ ಆಟೊದವನಿಗೆ ಛತ್ರಿ ಎತ್ತಿ, "ನಿಲ್ಲುಪ್ಪಾ! ಟೀಚರ್ ಗಾಡಿ ಬರುದು!" ಅಂತ ಕೂಗಿದರು. ಅವನು ನಿಂತ.

ಫಸ್ಟ್ ಗೇರು, ಕಾಲು ಒಂದೇ ಹದದಲ್ಲಿ. ತಗ್ಗಿನಲ್ಲಿ ನೀರು ಬಾಗಿಲಿಗೆ ಬಡಿಯುವುದು ಕೇಳಿಸಿತು. ಬಂಪರಿನ ಮುಂದೆ ಅಲೆ ಎದ್ದು ಹೆಡ್‌ಲೈಟಿನ ಕೆಳಗಂಚು ನೆಕ್ಕಿತು. ಮೂವತ್ತೊಂದಕ್ಕಿಂತ ಎಷ್ಟೋ ಮೇಲೆ. ಇಂಜಿನ್ ಒಂದು ಸಲ ದಪ್ಪಗೆ ಕೆಮ್ಮಿತು. ನಾನು ಕಾಲು ತೆಗೆಯಲಿಲ್ಲ. ತೆಗೆಯಬೇಕು ಅಂತ ಮೈಯೆಲ್ಲ ಹೇಳುತ್ತಿತ್ತು, ತೆಗೆಯಲಿಲ್ಲ. ಆಮೇಲೆ ಚಕ್ರದ ಕೆಳಗೆ ರಸ್ತೆ ಏರಿತು.

ಫ್ಲೈಓವರ್ ಮೇಲೆ ಎರಡೂ ಕಡೆ ಕಾರುಗಳ ಸಾಲು. ತುದಿಯಲ್ಲಿ ಒಂದು ಜಾಗ. ಹ್ಯಾಂಡ್‌ಬ್ರೇಕ್ ಎಳೆದು ಸ್ಟಿಯರಿಂಗ್ ಮೇಲೆ ಹಣೆಯಿಟ್ಟೆ. ಫೋನಿನಲ್ಲಿ ಇಬ್ಬರೂ ಇನ್ನೂ ಉಸಿರಾಡುತ್ತಿದ್ದರು.

"ಬಂದೆ" ಅಂದೆ. ಅಪ್ಪನ ಲೈನ್ ಕಟ್ಟಾಯಿತು. ಆಮೇಲೆ ಲಿಖಿತ್‌ದೂ.

ಅಕ್ಟೋಬರ್ 18, ಶನಿವಾರ

ಲಿಖಿತ್ ಬೆಳಿಗ್ಗೆ ರೈಲಿಳಿದು ಬಂದ. ಒದ್ದೆ ಬೂಟು ಬಿಚ್ಚುವ ಮೊದಲೇ ನನ್ನ ಕೈ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದ. ಎಡಗೈ ಬೆರಳುಗಳ ಗೆಣ್ಣಿನ ಚರ್ಮ ಕಿತ್ತುಹೋಗಿತ್ತು. ಔಷಧಿ ಹಚ್ಚಿದ. ಹಚ್ಚಿ ಮುಗಿಸಿ ಆ ಕಡೆ ಹೋಗಿ ಕೂತ.

"ಪ್ರಾಮಿಸ್ ಮಾಡಿ ಹಳೇದು ಹಾಕದೆ ಹೋದದ್ದು ನಂದೇ ತಪ್ಪು" ಅಂದ. "ಅದಿರಲಿ. ಇಷ್ಟು ದಿನ ನಾನು ಮಾವನವರ ಜೊತೆ ಮಾತಾಡ್ತಿದ್ದೀನಿ ಅಂದುಕೊಂಡಿದ್ದೆ ಮೌನ. ನಿನ್ನ ಜೊತೆ ಮಾತ್ರ ಆಡ್ತಿದ್ದೆ. ಅವರ ಕಣ್ಣಿಗೆ ನಾನು ಏನಾಗಿ ಕಾಣ್ತೀನಿ? ಕೊಟ್ಟ ಕಾರನ್ನ ಕೇಳದೆ ಬಿಚ್ಚಿದವನು."

"ನಿನಗೆ ಬೇಡ ಅನ್ನೋಕೆ ಭಯ ಆಯ್ತು."

"ಬೇಡ ಅಂದಿದ್ರೆ ಬಿಡ್ತಿದ್ದೆ."

"ಅದು ಗೊತ್ತಿತ್ತು. ನಿನ್ನ ಮುಖ ಸಣ್ಣಗಾಗುತ್ತಲ್ಲ, ಅದಕ್ಕೆ."

"ಆಗ್ಲಿ ಬಿಡು. ಮುಖ ತಾನೆ."

ಮಧ್ಯಾಹ್ನ ನೀರು ಇಳಿಯಿತು. ಫ್ಲೈಓವರಿಗೆ ನಡೆದೇ ಹೋದೆವು, ಅವನು ಮುಂದೆ ನಾನು ಹಿಂದೆ. ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. ಕೆಳಗೆ ಕೈ ಹಾಕಿ ಆ ರಬ್ಬರ್ ಬಟ್ಟಲು ಮುಟ್ಟಿ ನೋಡಿದ. "ಇದನ್ನ ತೆಗೆಯೋಕೆ ನನಗೆ ಅರ್ಧ ಗಂಟೆ ಬೇಕಾಯ್ತು" ಅಂದ.

ಸಂಜೆ ಮತ್ತೆ, "ಮಾವನವರಿಗೆ ಫೋನ್ ಮಾಡಿ ಹೇಳ್ತೀಯಾ, ನಾನು..." ಅಂತ ಶುರು ಮಾಡಿದ.

"ಇಲ್ಲ" ಅಂದೆ. ಒಲೆಯ ಮೇಲೆ ಹಾಲಿತ್ತು.

ಅವನೂ ಮಾಡಲಿಲ್ಲ. ನಾಳೆ ಬೆಳಿಗ್ಗೆ ಐದಕ್ಕೆ ಮೈಸೂರಿಗೆ ಹೊರಡಬೇಕು. ಅಪ್ಪನಿಂದ ನಿನ್ನೆಯಿಂದ ಒಂದು ಫೋನೂ ಇಲ್ಲ.

ಅಕ್ಟೋಬರ್ 22, ಬುಧವಾರ

ವೇಲಚೇರಿಗೆ ವಾಪಸ್. ನಾಳೆ ಸ್ಕೂಲು, ಇನ್ನೂ ಉತ್ತರಪತ್ರಿಕೆ ತಿದ್ದಿಲ್ಲ, ಚಿಕ್ಕದಾಗಿ ಬರೆಯುತ್ತೇನೆ.

ಹೋಗುವಾಗ ಕೃಷ್ಣಗಿರಿಯಿಂದ ಮುಂದೆ ನಾನೇ ಓಡಿಸಿದೆ. ಲಿಖಿತ್ ಪಕ್ಕದಲ್ಲಿ ಕೂತು ಮಾವನವರಿಗೆ ಏನು ಹೇಳಬೇಕು ಅಂತ ತುಟಿ ಅಲುಗಿಸುತ್ತಿದ್ದ. ಮನೆ ಮುಂದೆ ನಿಲ್ಲಿಸಿದರೆ ಅಪ್ಪ ಬಾಗಿಲಲ್ಲೇ ಇದ್ದರು. ಹೇಳಿದ್ದ ಹಾಗೆಯೇ ಮೊದಲು ಬಾನೆಟ್. ನನ್ನ ಮುಖ ನೋಡಲಿಲ್ಲ. ಪೆಟ್ಟಿಗೆಯ ಮೇಲೆ ಬೈಂಡರ್ ಕ್ಲಿಪ್ಪು ಕಂಡಿತು. ಬೆರಳಲ್ಲಿ ಅಲುಗಿಸಿ ನೋಡಿದರು. ಅಲುಗಲಿಲ್ಲ.

"ಅಳಿಯಂದ್ರಿಗೆ ಹೇಳು" ಅಂದರು ನನಗೆ, ಬಾನೆಟ್ಟಿನೊಳಗೇ ತಲೆಯಿಟ್ಟು, "ಹೊಸ ಪೈಪು ಹಾಕೋದಾದ್ರೆ ಹಾಕಲಿ. ಬಾಯಿ ಮಾತ್ರ ಮೇಲಿರ್ಲಿ. ಮೊದಲು ಬ್ರೇಕ್ ನೋಡಿಸ್ಲಿ."

ಲಿಖಿತ್ ಒಂದು ಮೊಳ ದೂರದಲ್ಲಿ ನಿಂತಿದ್ದ. ಕಿವಿ ಕೆಂಪಾಗಿತ್ತು. "ಮಾವನವರಿಗೆ ಹೇಳು ಮೌನ, ತಪ್ಪಾಯ್ತು, ಕೇಳದೆ..."

ಇಬ್ಬರೂ ನನ್ನ ಕಡೆ ತಿರುಗಿದರು. ನನಗೆ ಹೊಟ್ಟೆ ಹಸಿದಿತ್ತು.

"ನೀವಿಬ್ಬರೇ ಮಾತಾಡ್ಕೊಳ್ಳಿ" ಅಂದು ಒಳಗೆ ಹೋದೆ.

ಅಮ್ಮ ಹೋಳಿಗೆ ಮಗುಚುತ್ತಿದ್ದರು. ಕಿಟಕಿಯಿಂದ ಬಾನೆಟ್ಟಿನ ಕೆಳಗೆ ಎರಡು ಬೆನ್ನು ಕಾಣುತ್ತಿದ್ದವು, ಒಂದು ನೆಟ್ಟಗೆ, ಒಂದು ಬಾಗಿ. ಸ್ವಲ್ಪ ಹೊತ್ತಿಗೆ ಎರಡೂ ಬಾಗಿದವು.

"ಏನಂತೆ ಅವರಿಬ್ಬರದು ಅಷ್ಟು ಹೊತ್ತು?" ಅಂದರು ಅಮ್ಮ.

"ಗೊತ್ತಿಲ್ಲಮ್ಮ" ಅಂದೆ. "ತುಪ್ಪ ಎಲ್ಲಿ?"